ಬಕ್ಲರ್ಸ್ ಹಾರ್ಡ್: ಸಕ್ಕರೆಗೆ ಕಟ್ಟಿದ ಬೀದಿ, ಹಡಗಿಗೆ ಆದ ಬೀದಿ

ಬಕ್ಲರ್ಸ್ ಹಾರ್ಡ್‌ನಲ್ಲಿ ಇರುವುದು ಒಂದೇ ಮುಖ್ಯ ಬೀದಿ. ಎದುರುಬದುರು ಎರಡು ಸಾಲು ಕೆಂಪು ಇಟ್ಟಿಗೆಯ ಮನೆಗಳು, ನಡುವೆ ಅಗಲವಾದ ಹುಲ್ಲಿನ ಇಳಿಜಾರು, ಕೆಳಗೆ ಬ್ಯೂಲಿ ನದಿ. ಪುಟ್ಟ ಹಳ್ಳಿಗೆ ಇಷ್ಟೊಂದು ಅಗಲದ ಬೀದಿ ಯಾಕೆ?

ಊರು ಇರುವುದು ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ. ನ್ಯೂ ಫಾರೆಸ್ಟ್ ಕಾಡಿನಿಂದ ಬರುವ ನದಿ ಇಲ್ಲಿಂದ ಸ್ವಲ್ಪ ಮುಂದೆ ಸೊಲೆಂಟ್ ಜಲಸಂಧಿಯನ್ನು ಸೇರುತ್ತದೆ. ಸಮುದ್ರದ ಉಬ್ಬರ ಊರನ್ನೂ ದಾಟಿ ಒಳಗೆ ನುಗ್ಗುತ್ತದೆ. ನದಿಯ ದಡ ಬಹುಪಾಲು ಕೆಸರು, ಇಲ್ಲಿ ಮಾತ್ರ ಗಟ್ಟಿ ನೆಲ. ದೋಣಿ ಎಳೆದು ನಿಲ್ಲಿಸಲು ಇನ್ನೇನು ಬೇಕು?

1204ರಲ್ಲಿ ಜಾನ್ ದೊರೆ ಹತ್ತಿರದ ಬ್ಯೂಲಿ ಊರಿನಲ್ಲಿ ಸಿಸ್ಟರ್ಶಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳಿಗೆ ಮಠ ಕಟ್ಟಿಸಿಕೊಟ್ಟ. 1538ರಲ್ಲಿ ಮಠ ಮುಚ್ಚಿತು. ಆಸ್ತಿ ಕೈ ಬದಲಾಗುತ್ತಾ ಮಾಂಟೆಗ್ಯು ಮನೆತನಕ್ಕೆ ಬಂತು. ಮಠದ ಹಳೇ ಹಕ್ಕುಗಳ ಬಲದ ಮೇಲೆ ಇಲ್ಲೊಂದು ಸುಂಕವಿಲ್ಲದ ಬಂದರು ಕಟ್ಟಬಹುದು ಅಂತ ಎರಡನೇ ಡ್ಯೂಕ್ ಜಾನ್ ಮಾಂಟೆಗ್ಯು ಲೆಕ್ಕ ಹಾಕಿದ. ಕೆರಿಬಿಯನ್‌ನ ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ದ್ವೀಪಗಳನ್ನು ಆಗಿನ ದೊರೆ ಒಂದನೇ ಜಾರ್ಜ್ ಅವನಿಗೆ ಬರೆದುಕೊಟ್ಟಿದ್ದ. ಅಲ್ಲಿಂದ ಸಕ್ಕರೆ ತಂದು ಇಲ್ಲಿ ಇಳಿಸುವ ಯೋಜನೆ. ಆ ಕಾಲದ ಕೆರಿಬಿಯನ್ ಸಕ್ಕರೆ ಎಂದರೆ ಗುಲಾಮರ ಬೆವರು, ರಕ್ತ. ಇದನ್ನು ಮರೆತು ಈ ಕಥೆ ಹೇಳಬಾರದು. 1722ರಲ್ಲಿ ಹೊರಟ ಅವನ ತಂಡವನ್ನು ಫ್ರೆಂಚರು ಓಡಿಸಿದರು. ಮಾಂಟೆಗ್ಯು ಟೌನ್ ಎಂಬ ಹೆಸರಿಟ್ಟು ಬಿಡಿಸಿದ ನಕ್ಷೆಯಲ್ಲಿ ಆ ಅಗಲದ ಬೀದಿ, ಕೆಲವು ಮನೆಗಳಷ್ಟೇ ನಿಜವಾದವು. ಸಕ್ಕರೆ ಬರಲೇ ಇಲ್ಲ.

ಆದರೆ ಬೀದಿ ದಂಡವಾಗಲಿಲ್ಲ. ನೌಕಾಪಡೆಗೆ ಹಡಗು ಬೇಕಿತ್ತು, ಹತ್ತಿರದ ಕಾಡಿನಲ್ಲಿ ಓಕ್ ಮರ ಜಾಸ್ತಿ ಇತ್ತು. 1744ರಲ್ಲಿ ಲಂಡನ್ ಬಳಿಯ ಡೆಪ್ಟ್‌ಫರ್ಡ್‌ನಿಂದ ಬಂದ ಹೆನ್ರಿ ಆಡಮ್ಸ್ ಇಲ್ಲೇ ನೆಲೆಸಿ ಹಡಗು ಕಟ್ಟತೊಡಗಿದ. ಸಕ್ಕರೆ ಪೀಪಾಯಿಗೆ ಅಂತ ಬಿಟ್ಟ ಬಯಲಿನಲ್ಲಿ ಮರದ ದಿಮ್ಮಿಗಳು ರಾಶಿ ಬಿದ್ದವು. ಎಲ್ಲಕ್ಕೂ ನೇರ ಮರ ಆಗುತ್ತಿರಲಿಲ್ಲ. ಹಡಗಿನ ಪಕ್ಕೆಲುಬಿಗೆ ಸೊಟ್ಟಗೆ ಬೆಳೆದ ಕೊಂಬೆಯೇ ಬೇಕು, ಹಾಗಾಗಿ ಬಡಗಿಗಳು ಮರ ನಿಂತಿರುವಾಗಲೇ ಅದರ ಬಾಗು ನೋಡಿ ಆರಿಸುತ್ತಿದ್ದರು. ಮುಗಿದ ಒಡಲನ್ನು ಉಬ್ಬರದ ಹೊತ್ತಿಗೆ ನೀರಿಗೆ ಇಳಿಸಿ ನೌಕಾಪಡೆಯ ಬಂದರು ಪೋರ್ಟ್ಸ್‌ಮತ್‌ಗೆ ಎಳೆದೊಯ್ಯುತ್ತಿದ್ದರು. ಹಾಯಿಕಂಬ, ತೋಪು ಎಲ್ಲ ಜೋಡಿಸುತ್ತಿದ್ದುದು ಅಲ್ಲಿಯೇ.

ಹಾಗೆ ಹೋದವುಗಳಲ್ಲಿ ದೊಡ್ಡ ಹೆಸರು ಅಗಮೆಮ್ನಾನ್, 1781ರಲ್ಲಿ ನೀರಿಗಿಳಿದ 64 ತೋಪುಗಳ ಹಡಗು. ನಾವಿಕರಿಗೆ ಆ ಹೆಸರು ಬಾಯಿಗೆ ಹೊರಳದೆ 'ಎಗ್ಸ್ ಅಂಡ್ ಬೇಕನ್' ಅನ್ನುತ್ತಿದ್ದರು. ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್‌ಗೆ ಬಹಳ ಇಷ್ಟವಾದ ಹಡಗು ಇದೇ. ಫ್ರಾನ್ಸ್, ಸ್ಪೇನ್ ನೌಕಾಪಡೆಗಳನ್ನು ಬ್ರಿಟಿಷರು ಸೋಲಿಸಿದ 1805ರ ಟ್ರಫಾಲ್ಗರ್ ಕದನದಲ್ಲಿ ಇದರ ಜೊತೆಗೆ ಇಲ್ಲೇ ಕಟ್ಟಿದ ಯೂರಿಯಾಲಸ್, ಸ್ವಿಫ್ಟ್‌ಶೂರ್ ಕೂಡ ಇದ್ದವು. ಒಂದು ಬೀದಿಯ ಹಳ್ಳಿಯಿಂದ ಮೂರು ಹಡಗು! ಅದೇ ವರ್ಷ ಆಡಮ್ಸ್ ತೀರಿಕೊಂಡ.

ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಕೆಲಸ ಕುಗ್ಗಿತು, ಮುಂದೆ ಕಬ್ಬಿಣದ ಹಡಗುಗಳ ಕಾಲ ಬಂತು. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿ ದಾಳಿಯ ದೋಣಿಗಳಿಂದ ನದಿಗೆ ಸ್ವಲ್ಪ ಕಾಲ ಮತ್ತೆ ಜೀವ ಬಂತು. ಈಗ ಬರುವುದು ಪ್ರವಾಸಿಗರು ಮತ್ತು ವಿಹಾರದ ಹಾಯಿದೋಣಿಗಳು. ನದಿಯ ತಳ ಇಂದಿಗೂ ಬ್ಯೂಲಿ ಎಸ್ಟೇಟಿನದೇ. ನದಿಯಲ್ಲಿ ದೋಣಿ ಕಟ್ಟಿ ನಿಲ್ಲಿಸುವವರು ಬಾಡಿಗೆ ಕೊಡುವುದೂ ಆ ಎಸ್ಟೇಟಿಗೇ.