ಶ್ವೇತಭವನ ಬಿಳಿಯಾಗಿದ್ದು ಬೆಂಕಿಯಿಂದಲ್ಲ

ಅಮೆರಿಕದ ಅಧ್ಯಕ್ಷರ ಮನೆಗೆ ಬಿಳಿ ಬಣ್ಣ ಯಾಕೆ ಅಂತ ಯಾರನ್ನಾದರೂ ಕೇಳಿ ನೋಡಿ. ಒಂದೇ ಕಥೆ ಬರುತ್ತದೆ. 1814ರಲ್ಲಿ ಬ್ರಿಟಿಷ್ ಸೈನಿಕರು ಅದನ್ನು ಸುಟ್ಟರು, ಗೋಡೆಗಳ ಮಸಿ ಮುಚ್ಚಲು ಬಿಳಿ ಬಳಿದರು, ಅಂದಿನಿಂದ ಅದು ವೈಟ್ ಹೌಸ್. ಕಥೆ ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಬೆಂಕಿ ಬೀಳುವುದಕ್ಕೆ 16 ವರ್ಷ ಮೊದಲೇ, 1798ರಲ್ಲಿ, ಆ ಗೋಡೆಗಳಿಗೆ ಸುಣ್ಣ ಬಳಿದಾಗಿತ್ತು. ಆಗಿನ್ನೂ ಯಾವ ಅಧ್ಯಕ್ಷರೂ ಅಲ್ಲಿ ವಾಸಕ್ಕೆ ಬಂದಿರಲಿಲ್ಲ. ಜಾನ್ ಆಡಮ್ಸ್ ಬಂದದ್ದು 1800ರ ನವೆಂಬರ್‌ನಲ್ಲಿ.

ನಿಜವಾದ ಕಾರಣ ಕಲ್ಲಿನಲ್ಲಿದೆ. ನನಗೆ ಬೆಂಕಿಯ ಕಥೆಗಿಂತ ಇದೇ ಹೆಚ್ಚು ಇಷ್ಟ.

ಐರ್ಲೆಂಡಿನಿಂದ ಬಂದ ಜೇಮ್ಸ್ ಹೋಬನ್ ಈ ಮನೆಯ ನಕ್ಷೆ ಬರೆದರು. 1792ರ ಅಕ್ಟೋಬರ್ 13ರಂದು ಅಡಿಗಲ್ಲು ಬಿತ್ತು. ಕಲ್ಲು ಬಂದದ್ದು ವರ್ಜೀನಿಯಾದ ಅಕ್ವಿಯಾ ಕ್ರೀಕ್ ಎಂಬಲ್ಲಿನ ಕ್ವಾರಿಯಿಂದ, ಪೊಟೋಮ್ಯಾಕ್ ನದಿಯ ಮೇಲೆ ದೋಣಿಗಳಲ್ಲಿ. ಅದನ್ನು ಅಗೆದವರಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಮೂಲದ ಜನ ಬಹಳ ಮಂದಿ. ಬಿಳಿ ಗೋಡೆಯ ಕಥೆ ಹೇಳುವಾಗ ಅವರ ಬೆವರನ್ನು ಬಿಟ್ಟು ಹೇಳಬಾರದು. ಕೆತ್ತನೆಗೆ ಸ್ಕಾಟ್ಲೆಂಡಿನ ಕಲ್ಲುಕುಟಿಗರು ಬಂದರು. ಉತ್ತರದ ಬಾಗಿಲಿನ ಸುತ್ತ ಅವರು ಕೆತ್ತಿದ ಗುಲಾಬಿಗಳು, ಓಕ್ ಮರದ ಎಲೆ, ಕಾಯಿಗಳು ಇವತ್ತಿಗೂ ಇವೆ. ದಳದ ಮೇಲೆ ದಳ, ಅಷ್ಟು ಸೂಕ್ಷ್ಮ. ಕಲ್ಲು ಮೆತ್ತಗಿದ್ದದ್ದರಿಂದಲೇ ಅದು ಸಾಧ್ಯವಾಯಿತು.

ಆದರೆ ಈ ಮರಳುಗಲ್ಲಿಗೆ ಒಂದು ದೊಡ್ಡ ದೋಷ ಇತ್ತು: ನೀರು ಕುಡಿಯುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಆದ ಕಲ್ಲು ಇದು. ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಮಳೆ ಬಿದ್ದರೆ ಕಲ್ಲು ನೀರನ್ನು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ. ಸಂದು ತುಂಬಿದ್ದರೆ ಹಿಗ್ಗಲು ಜಾಗ ಎಲ್ಲಿದೆ? ಕಣಗಳನ್ನೇ ದೂಡುತ್ತದೆ. ಹಗಲು ಕರಗಿದ ನೀರು ಹೊಸದಾಗಿ ಬಿಟ್ಟ ಬಿರುಕಿಗೆ ಇಳಿಯುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಜಾಸ್ತಿ ಚಳಿ ಇದ್ದಷ್ಟೂ ಜಾಸ್ತಿ ಹಾನಿ ಅಂತ ನಮಗೆ ಅನಿಸುತ್ತದೆ, ಅಲ್ವಾ? ಹಾಗಲ್ಲ. ತಿಂಗಳುಗಟ್ಟಲೆ ಗಟ್ಟಿಯಾಗಿ ಹೆಪ್ಪುಗಟ್ಟಿಯೇ ಇದ್ದರೆ ಕಲ್ಲಿಗೆ ಅಷ್ಟು ತೊಂದರೆ ಇಲ್ಲ. ವಾಷಿಂಗ್ಟನ್ನಿನ ಹಾಗೆ ಸೊನ್ನೆ ಡಿಗ್ರಿಯ ಆಚೆ ಈಚೆ ಮತ್ತೆ ಮತ್ತೆ ಓಡಾಡುವ ಚಳಿಗಾಲವೇ ಕಲ್ಲನ್ನು ತಿನ್ನುವುದು. ಗುಲಾಬಿಯ ದಳದಂಥ ತೆಳು ಅಂಚಿಗೆ ನೀರು ಎರಡೂ ಕಡೆಯಿಂದ ನುಗ್ಗುತ್ತದೆ. ಮೊದಲು ಉದುರುವುದು ಅದೇ.

ಅದಕ್ಕೇ ಸುಣ್ಣ. ನಮ್ಮ ಹಳ್ಳಿಮನೆಗಳಿಗೆ ಹಬ್ಬಕ್ಕೆ ಮುಂಚೆ ಬಳಿಯುತ್ತಿದ್ದ ಸುಣ್ಣದ ರಸಾಯನವೇ ಅಲ್ಲೂ ಕೆಲಸ ಮಾಡಿದ್ದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಕುದಿಯುತ್ತಾ ಅರಳುತ್ತದೆ. ಅದನ್ನು ತೆಳ್ಳಗೆ ಮಾಡಿ ಗೋಡೆಗೆ ಬಳಿದರೆ, ಬಿಟ್ಟುಕೊಟ್ಟ ಅದೇ ಅನಿಲವನ್ನು ಗಾಳಿಯಿಂದ ನಿಧಾನಕ್ಕೆ ವಾಪಸ್ ಎಳೆದುಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ! ಅಂದರೆ ಬಳಿದದ್ದು ಬರೀ ಬಣ್ಣ ಅಲ್ಲ, ತೆಳುವಾದ ಒಂದು ಕಲ್ಲಿನ ಪದರ. ಸಂದುಗಳ ಬಾಯಿ ಕಿರಿದಾಗುತ್ತದೆ, ಮಳೆನೀರು ಸುಲಭಕ್ಕೆ ನುಗ್ಗುವುದಿಲ್ಲ. ಒಳಗೆ ಸೇರಿದ ತೇವ ಮಾತ್ರ ಆವಿಯಾಗಿ ಹೊರಬರಬಹುದು. ಬಿಳಿ ಅನ್ನುವುದು ಈ ಕೆಲಸದ ಜೊತೆಗೆ ಸುಮ್ನೆ ಬಂದದ್ದು.

ಇನ್ನು ಆ ಬೆಂಕಿ. 1814ರ ಆಗಸ್ಟ್ 24ರ ರಾತ್ರಿ ಮನೆ ಹೊತ್ತಿ ಉರಿಯಿತು. ಒಳಗಿನ ಮರವೆಲ್ಲ ಹೋಯಿತು, ಗೋಡೆಗಳು ನಿಂತವು. ಬೆಂಕಿಯೂ ಮರಳುಗಲ್ಲಿಗೆ ಶತ್ರುವೇ. 573 ಡಿಗ್ರಿ ದಾಟಿದರೆ ಮರಳಿನ ಕ್ವಾರ್ಟ್ಸ್ ಹರಳು ತನ್ನ ರಚನೆ ಬದಲಿಸಿ ತಟ್ಟನೆ ಹಿಗ್ಗುತ್ತದೆ, ಕಲ್ಲು ಬಿರಿಯುತ್ತದೆ. ಬಲ ಕಳೆದುಕೊಂಡ ಗೋಡೆಗಳನ್ನು ಕೆಡವಬೇಕಾಯಿತು. ಹೋಬನ್ ಅವರೇ ಮತ್ತೆ ಕಟ್ಟಿಸಿದರು. 1817ರಲ್ಲಿ ಅಧ್ಯಕ್ಷ ಜೇಮ್ಸ್ ಮನ್ರೋ ವಾಸಕ್ಕೆ ಬಂದರು. 1818ರಲ್ಲಿ ಸೀಸ ಬೆರೆಸಿದ ಬಿಳಿ ಎಣ್ಣೆ ಪೇಂಟ್ ಬಿತ್ತು. ಈ ಪೇಂಟ್ ಸುಟ್ಟ ಕಲೆಗಳನ್ನೂ ಮುಚ್ಚಿದ್ದು ಹೌದು. ಕಥೆಯಲ್ಲಿ ಅಷ್ಟು ಮಾತ್ರ ನಿಜ. ಹೆಸರಿನ ವಿಷಯವೂ ಅಷ್ಟೇ. ಬೆಂಕಿಗೆ ಮೊದಲೇ ಜನರ ಬಾಯಲ್ಲಿ 'ವೈಟ್ ಹೌಸ್' ಓಡಾಡುತ್ತಿತ್ತು. 1901ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅದನ್ನೇ ಅಧಿಕೃತ ಮಾಡಿದರು.

1948ರಿಂದ 1952ರವರೆಗೆ, ಅಧ್ಯಕ್ಷ ಹ್ಯಾರಿ ಟ್ರೂಮನ್ ಕಾಲದಲ್ಲಿ, ಒಳಭಾಗವನ್ನು ಪೂರ್ತಿ ಬಿಚ್ಚಿ ಉಕ್ಕಿನ ಚೌಕಟ್ಟು ನಿಲ್ಲಿಸಿದರು. ಹಳೆಯದಾಗಿ ಉಳಿದದ್ದು ಹೆಚ್ಚೂಕಡಿಮೆ ಹೊರಗೋಡೆಗಳು ಮಾತ್ರ. ಮುಂದೆ 1980ರ ದಶಕದಲ್ಲಿ ಅವುಗಳ ಪೇಂಟ್ ಕೆರೆದಾಗ ಕೆಲವೆಡೆ 30ಕ್ಕೂ ಹೆಚ್ಚು ಪದರ ಸಿಕ್ಕಿತು. ಕೆತ್ತನೆಯ ಸಂದುಗಳೆಲ್ಲ ಪೇಂಟಿನಿಂದ ಮುಚ್ಚಿಹೋಗಿದ್ದವು. ಕೆಳಗೆ 1814ರ ಕಪ್ಪು ಹಾಗೇ ಇತ್ತು. ಅದನ್ನು ಎಲ್ಲ ಕಡೆಯೂ ಮುಚ್ಚಿಬಿಡಲಿಲ್ಲ. ಟ್ರೂಮನ್ ಬಾಲ್ಕನಿಯ ಬಳಿ ಸುಟ್ಟ ಕಲ್ಲಿನ ಒಂದು ಭಾಗವನ್ನು ಜನರಿಗೆ ನೆನಪಿರಲಿ ಅಂತ ಬೇಕೆಂದೇ ಪೇಂಟ್ ಮಾಡದೆ ಬಿಟ್ಟಿದ್ದಾರೆ.