ಪೇಪರ್ ದೊಡ್ಡ ಕಂಪನಿಯದ್ದಾದರೆ ನಮ್ಮ ತಾಲ್ಲೂಕಿನ ಸುದ್ದಿ ಕೆಡುತ್ತದೆಯಾ?

ಓದುಗರ ಪ್ರಶ್ನೆ: "ನಾನು ಆಲೂರು ಕಡೆಯವನು. ನಮ್ಮ ಮನೆಗೆ ಬರುವ ಪೇಪರ್ ದೊಡ್ಡ ಕಂಪನಿಯದ್ದು. ಹಾಸನಕ್ಕೆ ಅಂತಲೇ ಬೇರೆ ಪುಟ ಕೊಡುತ್ತಾರೆ, ಫೋಟೋನೂ ಜಾಸ್ತಿ. ಆದರೂ ಓದಿ ಮಡಚಿಟ್ಟ ಮೇಲೆ ಊರಲ್ಲಿ ನಿಜಕ್ಕೂ ಏನು ನಡೀತಿದೆ ಅಂತ ಗೊತ್ತಾದ ಹಾಗೆ ಅನ್ನಿಸುವುದಿಲ್ಲ. ಮಾಲೀಕರು ದೊಡ್ಡವರಾದಷ್ಟೂ ಸ್ಥಳೀಯ ಸುದ್ದಿ ಕೆಡುತ್ತದೆಯಾ?"

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಚಿಕ್ಕಮಗಳೂರಿನವರು ಕೇಳುವಾಗ ಸ್ವಲ್ಪ ಸಿಟ್ಟೂ ಸೇರಿರುತ್ತದೆ. ನನಗೆ ಅನ್ನಿಸುವುದು ಇಷ್ಟು: ಸುದ್ದಿ ಕಡಿಮೆಯಾಗಿಲ್ಲ, ವಿಚಾರಿಸುವುದು ಕಡಿಮೆಯಾಗಿದೆ. ಇದರಲ್ಲಿ ಮಾಲೀಕರ ಪಾಲು ಇದೆ. ಆದರೆ ಮಾಲೀಕ ಯಾರು ಅನ್ನುವುದಕ್ಕಿಂತ ನಿಮ್ಮ ತಾಲ್ಲೂಕಿನ ವರದಿಗಾರನಿಗೆ ಸಂಬಳ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಕನ್ನಡದಲ್ಲಿ ಪೇಪರ್ ಕೈ ಬದಲಾದ ದೊಡ್ಡ ಕಥೆ ವಿಜಯ ಕರ್ನಾಟಕದ್ದು. ಲಾರಿ ಸಾಗಣೆಯಲ್ಲಿ ಹೆಸರು ಮಾಡಿದ ವಿಜಯ ಸಂಕೇಶ್ವರರು 1999ರಲ್ಲಿ ಅದನ್ನು ಶುರು ಮಾಡಿದರು, 2006ರಲ್ಲಿ ಟೈಮ್ಸ್ ಸಮೂಹ ಕೊಂಡುಕೊಂಡಿತು. ಅದರ ಜೊತೆಗೇ ಹೋದ ಉಷಾಕಿರಣ ಅನ್ನುವ ದಿನಪತ್ರಿಕೆ ಮುಂದಿನ ವರ್ಷ ಟೈಮ್ಸ್ ಆಫ್ ಇಂಡಿಯಾದ ಕನ್ನಡ ಆವೃತ್ತಿಯಾಯಿತು, ಮೂರು ವರ್ಷಕ್ಕೆ ಅದೂ ನಿಂತುಹೋಯಿತು. ಸಂಕೇಶ್ವರರು 2012ರಲ್ಲಿ ವಿಜಯವಾಣಿ ಹಿಡಿದುಕೊಂಡು ಮತ್ತೆ ಬಂದರು. ಈ ಪೈಪೋಟಿಯಿಂದ ನಮಗೆ ನಷ್ಟ ಆಯಿತು ಅಂತ ಹೇಳಲಿಕ್ಕೆ ನಾನು ತಯಾರಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಜಿಲ್ಲಾ ಪುಟ ಹೆಚ್ಚಿಸಿದ್ದು ಆಗಲೇ. ಅದಕ್ಕೂ ಮುಂಚೆ ಆಲೂರಿನ ಹೆಸರು ರಾಜ್ಯದ ಪೇಪರಲ್ಲಿ ಬರಬೇಕಾದರೆ ಬಸ್ಸು ಹಳ್ಳಕ್ಕೆ ಬೀಳಬೇಕಿತ್ತು, ಅಲ್ವಾ?

ಅಮೆರಿಕದ ಕಥೆ ಬೇರೆ. ಅಲ್ಲಿ ಒಂದೇ ಕಂಪನಿ ನೂರಾರು ಊರಿನ ಪೇಪರ್‌ಗಳನ್ನು ಕೊಂಡು ಸರಪಳಿಯಂತೆ ನಡೆಸುತ್ತದೆ. 2019ರಲ್ಲಿ ಗೇಟ್‌ಹೌಸ್ ಮತ್ತು ಗ್ಯಾನೆಟ್ ಅನ್ನುವ ಎರಡು ಭಾರಿ ಸರಪಳಿಗಳು ಒಂದಾದವು. 2021ರಲ್ಲಿ ಆಲ್ಡನ್ ಅನ್ನುವ ಹೂಡಿಕೆ ಕಂಪನಿ ಟ್ರಿಬ್ಯೂನ್ ಸಮೂಹವನ್ನು ನುಂಗಿತು. ಇದೇ ಆಲ್ಡನ್ ಕೈಯಲ್ಲಿದ್ದ ಡೆನ್ವರ್ ಪೋಸ್ಟ್ 2018ರಲ್ಲಿ ತನ್ನ ಸಂಪಾದಕೀಯ ಪುಟದಲ್ಲೇ ಮಾಲೀಕರನ್ನು ರಣಹದ್ದು ಅಂತ ಕರೆದಿತ್ತು. ನಮ್ಮಲ್ಲಿ ಯಾರಾದರೂ ಹಾಗೆ ಬರೆದರೆ ಮಧ್ಯಾಹ್ನದ ಊಟದೊಳಗೆ ಕೆಲಸ ಹೋಗಿರುತ್ತದೆ! ಇಂಥ ಹೂಡಿಕೆ ಕಂಪನಿಗಳು ಕೊಂಡ ಪೇಪರ್‌ಗಳನ್ನೇ ಹಿಡಿದು ಮಾಡಿದ ಒಂದು ಅಧ್ಯಯನ ಇದೆ. ಆ ಪೇಪರ್‌ಗಳು ಮುಚ್ಚಿಹೋಗುವ ಸಂಭವ ಕಡಿಮೆಯಾಗಿತ್ತು, ಡಿಜಿಟಲ್ ಓದುಗರೂ ಹೆಚ್ಚಿದ್ದರು. ಆದರೆ ವರದಿಗಾರರು ಕಡಿಮೆಯಾದರು, ಊರಿನ ಆಡಳಿತದ ಸುದ್ದಿ ಕಡಿಮೆಯಾಯಿತು, ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವವರೂ ಕಡಿಮೆಯಾದರು. ಪೇಪರ್ ಪೂರ್ತಿ ಮುಚ್ಚಿದ ಊರುಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಇನ್ನೂ ಮಜವಾಗಿದೆ. ಅಲ್ಲಿನ ಸ್ಥಳೀಯ ಆಡಳಿತಗಳು ಸಾಲಕ್ಕೆ ಕೊಡುವ ಬಡ್ಡಿ, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನೂರು ರೂಪಾಯಿಗೆ ವರ್ಷಕ್ಕೆ 5ರಿಂದ 11 ಪೈಸೆ ಏರಿತ್ತು. ನೋಡುವವರು ಇಲ್ಲ ಅಂತ ಸಾಲ ಕೊಡುವವನಿಗೂ ಭಯ.

ಈಗ ನಮ್ಮ ಹಾಸನಕ್ಕೆ ಬರೋಣ. ಇಲ್ಲಿ ಪುಟ ಉಳಿದಿದೆ, ಪುಟ ತುಂಬಿಸುವವನ ಪಾಡು ಕೆಟ್ಟಿದೆ. ತಾಲ್ಲೂಕಿನಲ್ಲಿ "ನಮ್ಮ ಪೇಪರಿನವರು" ಅಂತ ನೀವು ಕರೆಯುವ ಮನುಷ್ಯ ಬಹಳ ಸಲ ಕಂಪನಿಯ ನೌಕರನೇ ಅಲ್ಲ, ಅರೆಕಾಲಿಕ ವರದಿಗಾರ. ಕಂಪನಿ ಕೊಡುವ ಗೌರವಧನ ಪೆಟ್ರೋಲಿಗೆ ಸಾಲದು. ಹಾಗಾಗಿ ಅಡಿಕೆಯೋ ಅಂಗಡಿಯೋ ಟ್ಯೂಷನ್ನೋ ಬೇರೆ ಏನಾದರೂ ಇರಲೇಬೇಕು. ಪತ್ರಿಕೆಯವರ ಸಂಬಳ ಎಷ್ಟಿರಬೇಕು ಅಂತ ಹೇಳಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸರ್ಕಾರ 2011ರಲ್ಲಿ ಒಪ್ಪಿಕೊಂಡಿತು, 2014ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಈ ಮನುಷ್ಯನ ಜೇಬಿನವರೆಗೆ ಅದು ಬರಲಿಲ್ಲ.

ನನ್ನ ಗೆಳೆಯನೊಬ್ಬ ಹೀಗೇ ಹತ್ತು ವರ್ಷ ಕೆಲಸ ಮಾಡಿದ. ಯುಗಾದಿ, ಆಗಸ್ಟ್ 15, ದೀಪಾವಳಿ ಹತ್ತಿರ ಬಂದರೆ ಅವನಿಗೆ ಜ್ವರ ಬಂದ ಹಾಗೆ, ಯಾಕೆಂದರೆ ವಿಶೇಷ ಪುರವಣಿಗೆ ಇಷ್ಟು ಜಾಹೀರಾತು ತರಲೇಬೇಕು ಅಂತ ಆಫೀಸಿನಿಂದ ಟಾರ್ಗೆಟ್ ಬರುತ್ತಿತ್ತು. ಕಮಿಷನ್ ಏನೋ ಸಿಗುತ್ತಿತ್ತು. ಆದರೆ ಊರಲ್ಲಿ ಜಾಹೀರಾತು ಕೊಡುವವರು ಯಾರು? ಕಂಟ್ರಾಕ್ಟರು, ಪಂಚಾಯಿತಿ ಅಧ್ಯಕ್ಷರು, ಖಾಸಗಿ ಶಾಲೆಯವರು, ಮುಂದಿನ ಎಲೆಕ್ಷನ್ನಿಗೆ ಟಿಕೆಟ್ ಬೇಕಾದವರು. ಸೋಮವಾರ ಕೈಮುಗಿದು ಅರ್ಧ ಪುಟದ ಶುಭಾಶಯ ತೆಗೆದುಕೊಂಡು ಬಂದವನು ಬುಧವಾರ ಅದೇ ಕಂಟ್ರಾಕ್ಟರ್ ಹಾಕಿದ ರಸ್ತೆಯ ಡಾಂಬರು ಕೆರೆದು ನೋಡುತ್ತಾನಾ? ಅವನೇ ಒಂದು ದಿನ ಹೇಳಿದ್ದ, "ಬರೆಯಬಹುದು ಕಣೋ, ಆದರೆ ಮುಂದಿನ ಯುಗಾದಿಗೆ ಯಾರ ಮನೆ ಬಾಗಿಲಿಗೆ ಹೋಗಲಿ?"

ಹೀಗಾದಾಗ ಪುಟ ತುಂಬುವುದು ಸುಲಭದ ಸರಕಿನಿಂದ. ಪ್ರೆಸ್ ನೋಟ್, ಪ್ರತಿಭಟನೆ, ಸನ್ಮಾನ, ಸಾಲಾಗಿ ನಿಂತು ದೀಪ ಹಚ್ಚುವ ಫೋಟೋ. ಸುಳ್ಳು ಯಾವುದೂ ಇಲ್ಲ, ಸುಮ್ನೆ ಖಾಲಿ. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯ ಸುದ್ದಿಯಲ್ಲಿ ಶಾಸಕರು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು ಅಂತ ಬರುತ್ತದೆ. ಹೋದ ಸಭೆಯಲ್ಲಿ ಇದೇ ವಿಷಯಕ್ಕೆ ಇದೇ ತರಾಟೆ ಆಗಿತ್ತು ಅಂತ ಬರುವುದಿಲ್ಲ.

ಬಯಲುಸೀಮೆಗೆ ಕುಡಿಯುವ ನೀರು ಒಯ್ಯುವ ಎತ್ತಿನಹೊಳೆ ಯೋಜನೆ ನೋಡಿ. ನೀರೆತ್ತುವ ಜಾಗ ನಮ್ಮದೇ ಸಕಲೇಶಪುರ ತಾಲ್ಲೂಕು. 8,323 ಕೋಟಿ ಅಂತ ಹೊರಟ ಯೋಜನೆ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ ಎಲ್ಲ ಪೇಪರಿನ ಮುಖಪುಟದಲ್ಲಿ ಬಂತು, ಬರಲೇಬೇಕಿತ್ತು. ಜಮೀನು ಕೊಟ್ಟವರ ಗೋಳು ಜಿಲ್ಲಾ ಪುಟದ ಮೂಲೆಗೆ. ಎರಡನ್ನೂ ಜೋಡಿಸಿ ಬರೆಯಬೇಕಾದರೆ ಒಬ್ಬ ವರದಿಗಾರ ವಾರಗಟ್ಟಲೆ ಫೈಲು ಹಿಡಿದು ಕೂರಬೇಕು. ಆ ವಾರಗಳಿಗೆ ದುಡ್ಡು ಕೊಡುವವರು ಯಾರು ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ಜಿಲ್ಲಾ ಪುಟದ ಇನ್ನೊಂದು ತಮಾಷೆ ಆನೆಯದ್ದು. ಬೇಲೂರಿನ ತೋಟದಿಂದ ಆನೆ ಮೂಡಿಗೆರೆ ಕಡೆಗೆ ದಾಟಿದರೆ ಅದು ಹಾಸನದ ಪುಟದಿಂದಲೂ ದಾಟಿಹೋಯಿತು ಅಂತಲೇ ಲೆಕ್ಕ, ಆಚೆ ಚಿಕ್ಕಮಗಳೂರಿನ ಪುಟದಲ್ಲಿ ಅದು ಹೊಸ ಆನೆ. ಎರಡು ಜಿಲ್ಲೆಯವರದ್ದೂ ಒಂದೇ ಕಷ್ಟ, ಆದರೆ ಒಬ್ಬರದ್ದು ಇನ್ನೊಬ್ಬರು ಓದುವುದಿಲ್ಲ.

ಹಾಗಾದರೆ ಊರಿನವರದ್ದೇ ಪೇಪರ್ ಆದರೆ ಸರಿ ಹೋಗುತ್ತದಾ? ಪೂರ್ತಿ ಹೌದು ಅನ್ನಲಾರೆ. ಹಾಸನದಲ್ಲಿ ಜನತಾ ಮಾಧ್ಯಮದಂಥ ಊರಿನ ಪತ್ರಿಕೆಗಳಿವೆ. ಸಂಪಾದಕರು ರಸ್ತೆಯಲ್ಲಿ ಸಿಗುತ್ತಾರೆ, ಬೈಯಬೇಕು ಅನ್ನಿಸಿದರೆ ಆಫೀಸಿಗೇ ಹೋಗಿ ಬೈಯಬಹುದು, ಇದು ಸಣ್ಣ ಮಾತಲ್ಲ. ಆದರೆ ಸಣ್ಣ ಪತ್ರಿಕೆ ಯಾವುದೇ ಇರಲಿ, ಸರ್ಕಾರಿ ಜಾಹೀರಾತು ಮತ್ತು ಟೆಂಡರ್ ಪ್ರಕಟಣೆ ತಪ್ಪಿದರೆ ನ್ಯೂಸ್‌ಪ್ರಿಂಟಿಗೆ ದುಡ್ಡಿಲ್ಲ. ಜಿಲ್ಲೆಯ ಪ್ರಬಲ ಕುಳವನ್ನು ಎದುರು ಹಾಕಿಕೊಂಡು ಕೇಸು ಬಿದ್ದರೆ ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಇವರಿಗೆ ಮನೆ ಒಡವೆಯೇ ಗತಿ. ಇಂಥ ಸುದ್ದಿಯನ್ನು ಕೊನೆಗೆ ರಾಜ್ಯಮಟ್ಟದ ಪೇಪರೇ ಒಡೆಯುವುದೂ ಉಂಟು.

ನಿಮ್ಮ ಪೇಪರ್ ಯಾರದ್ದು ಅಂತ ತಿಳಿಯಬೇಕಾದರೆ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಮಾಲೀಕರ ಹೆಸರು ಇರುತ್ತದೆ. 1956ರ ನಿಯಮದ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ "ನಮೂನೆ 4" ಅಂತ ಒಂದು ಹೇಳಿಕೆ ಹಾಕುತ್ತಿದ್ದರು, ಶೇ 1ಕ್ಕಿಂತ ಜಾಸ್ತಿ ಪಾಲು ಇರುವವರ ಹೆಸರು ಅದರಲ್ಲಿ. ಅಟ್ಟದ ಮೇಲೆ ಹಳೇ ಮಾರ್ಚ್ ತಿಂಗಳ ಪೇಪರ್ ಇದ್ದರೆ ರದ್ದಿಗೆ ಹಾಕುವ ಮುಂಚೆ ಒಮ್ಮೆ ನೋಡಿ.

ಇನ್ನು ಯಾವ ಪೇಪರ್ ತರಿಸಲಿ ಅಂತ ಕೇಳಿದರೆ, ನಾನು ರಾಜ್ಯದ್ದೊಂದು, ಊರಿನದ್ದೊಂದು ತರಿಸುತ್ತೇನೆ. ಆನೆ ಯಾರ ತೋಟದಲ್ಲಿದೆ ಅಂತ ಬೆಳಗಿನ ಕಾಫಿಗೆ ಮುಂಚೆಯೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದಿರುತ್ತದೆ, ಅದಕ್ಕೆ ಪೇಪರ್ ಬೇಡ. ಆನೆ ತುಳಿದ ಗದ್ದೆಯ ಪರಿಹಾರದ ಫೈಲು ಯಾವ ಮೇಜಿನ ಮೇಲೆ ನಿಂತಿದೆ ಅಂತ ಈ ಎರಡರಲ್ಲಿ ಯಾವುದು ಮೊದಲು ಬರೆಯುತ್ತದೋ ಕಾಯುತ್ತಿದ್ದೇನೆ.