ಫೆಬ್ರವರಿ 3 'ಸಂಗೀತ ಸತ್ತ ದಿನ' ಆಗಿದ್ದು ಹೇಗೆ?

ಪ್ರಶ್ನೆ: ಪ್ರತಿ ವರ್ಷ ಫೆಬ್ರವರಿ 3ಕ್ಕೆ ರಾಕ್ ಸಂಗೀತದ ಅಭಿಮಾನಿಗಳು 'ಸಂಗೀತ ಸತ್ತ ದಿನ' ಅಂತ ನೆನೆಯುತ್ತಾರೆ. ಅವತ್ತು ಏನಾಗಿತ್ತು? ಆ ಹೆಸರು ಅವತ್ತೇ ಬಂತಾ?

ಉತ್ತರ: ಹೆಸರು ಬಂದಿದ್ದು ಹನ್ನೆರಡು ವರ್ಷ ತಡವಾಗಿ, ಅದೂ ಒಂದು ಹಾಡಿನಿಂದ. ಘಟನೆ ಮಾತ್ರ 1959ರದ್ದು: ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, 'ಬಿಗ್ ಬಾಪರ್' ಎಂಬ ಮೂವರು ರಾಕ್ ಗಾಯಕರು ಅವತ್ತು ವಿಮಾನ ಅಪಘಾತದಲ್ಲಿ ಸತ್ತರು. ಅದರ ಮೂಲ ಹುಡುಕುತ್ತಾ ಹೋದರೆ ಸಿಗುವುದು ಒಂದು ಕೆಟ್ಟ ಬಸ್ಸು.

ಆ ಚಳಿಗಾಲ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ 'ವಿಂಟರ್ ಡ್ಯಾನ್ಸ್ ಪಾರ್ಟಿ' ಎಂಬ ಸಂಗೀತ ಪ್ರವಾಸ ನಡೆದಿತ್ತು. 24 ದಿನದಲ್ಲಿ 24 ಊರು. ಯಾವ ಊರು ಯಾವುದಕ್ಕೆ ಹತ್ತಿರ ಅಂತಲೂ ನೋಡದೆ ದಿನ ಗೊತ್ತು ಮಾಡಿದ್ದರು. ಕಲಾವಿದರು ಹೋದ ದಿಕ್ಕಿಗೇ ಮತ್ತೆ ಮತ್ತೆ ತಿರುಗಬೇಕಿತ್ತು. ಬಸ್ಸಿನ ಹೀಟರ್ ಕೆಟ್ಟಿತ್ತು. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಡ್ರಮ್ಸ್ ನುಡಿಸುವ ಕಾರ್ಲ್ ಬಂಚ್ ಕಾಲು ಮರಗಟ್ಟಿ ಆಸ್ಪತ್ರೆ ಸೇರಿದ.

ಫೆಬ್ರವರಿ 2ರ ರಾತ್ರಿ ಅಯೋವಾದ ಕ್ಲಿಯರ್ ಲೇಕ್‌ನಲ್ಲಿ, ಸರ್ಫ್ ಬಾಲ್‌ರೂಮಿನಲ್ಲಿ ಕಾರ್ಯಕ್ರಮ. ಮುಂದಿನ ಊರು ಮಿನ್ನೆಸೋಟಾದ ಮೂರ್‌ಹೆಡ್, ಐನೂರು ಕಿಲೋಮೀಟರಿಗೂ ಜಾಸ್ತಿ ದೂರ. ಆ ಬಸ್ಸಿನ ಸಹವಾಸವೇ ಬೇಡ ಅಂತ 22 ವರ್ಷದ ಬಡ್ಡಿ ಹಾಲಿ ಒಂದು ಪುಟ್ಟ ವಿಮಾನ ಗೊತ್ತು ಮಾಡಿದ. ತಲೆಗೆ 36 ಡಾಲರ್. ಬೇಗ ಹೋಗಿ ಸ್ವಲ್ಪ ಮಲಗಬಹುದು, ಬಟ್ಟೆ ಒಗೆಸಬಹುದು ಅನ್ನುವಷ್ಟೇ ಆಸೆ.

ಪೈಲಟ್ ಬಿಟ್ಟರೆ ಮೂವರಿಗೆ ಜಾಗ. ಹಾಲಿಯ ಜೊತೆ ಬೇಸ್ ಗಿಟಾರ್ ನುಡಿಸುತ್ತಿದ್ದ ವೇಲನ್ ಜೆನಿಂಗ್ಸ್ ತನ್ನ ಸೀಟನ್ನು ಜ್ವರ ಬಂದಿದ್ದ 'ಬಿಗ್ ಬಾಪರ್' ಜೆ. ಪಿ. ರಿಚರ್ಡ್‌ಸನ್‌ಗೆ ಬಿಟ್ಟುಕೊಟ್ಟ. ಇನ್ನೊಂದು ಸೀಟಿಗೆ ಗಿಟಾರಿಸ್ಟ್ ಟಾಮಿ ಆಲ್ಸಪ್ ಮತ್ತು 17 ವರ್ಷದ ರಿಚಿ ವ್ಯಾಲೆನ್ಸ್ ನಡುವೆ ನಾಣ್ಯ ಚಿಮ್ಮಿದರು. ವ್ಯಾಲೆನ್ಸ್ ಗೆದ್ದ. ನಿಮ್ಮ ಬಸ್ಸು ಹೆಪ್ಪುಗಟ್ಟಲಿ ಅಂತ ಹಾಲಿ ಕಿಚಾಯಿಸಿದ. ಹಾಗಾದ್ರೆ ನಿನ್ನ ವಿಮಾನ ಬೀಳಲಿ ಅಂತ ಜೆನಿಂಗ್ಸ್ ತಮಾಷೆಗೆ ತಿರುಗೇಟು ಕೊಟ್ಟ. ಸುಮ್ನೆ ಆಡಿದ ಆ ಮಾತು ಅವನನ್ನು ವರ್ಷಗಟ್ಟಲೆ ಕಾಡಿತು.

ರಾತ್ರಿ ಒಂದು ಗಂಟೆಯ ಹೊತ್ತಿಗೆ ಹತ್ತಿರದ ಮೇಸನ್ ಸಿಟಿಯಿಂದ ಹಾರಿದ ವಿಮಾನ ಕೆಲವೇ ನಿಮಿಷಗಳಲ್ಲಿ ಹೊಲವೊಂದಕ್ಕೆ ಅಪ್ಪಳಿಸಿತು. ನಾಲ್ವರೂ ಸತ್ತರು. ಅವಶೇಷ ಕಣ್ಣಿಗೆ ಬಿದ್ದಿದ್ದು ಬೆಳಗಾದ ಮೇಲೆ. ಪೈಲಟ್‌ಗೆ 21 ವರ್ಷ. ಹೊರಗೆ ಏನೂ ಕಾಣದಾಗ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ ಅವನಿಗಿರಲಿಲ್ಲ. ಅವತ್ತು ಹಿಮ, ಕತ್ತಲು, ಕೆಳಗೆ ದೀಪಗಳೂ ಇಲ್ಲದ ಬಯಲು. ಇದರ ಮೇಲೆ ಇನ್ನೊಂದು ವಿಚಿತ್ರ: ವಿಮಾನದ ಮೂತಿ ಮೇಲಿದೆಯೋ ಕೆಳಗಿದೆಯೋ ಎಂದು ತೋರಿಸುವ ಗೈರೋ, ಅವನು ಕಲಿತಿದ್ದಕ್ಕೆ ತದ್ವಿರುದ್ಧವಾಗಿ ತೋರಿಸುವ ಮಾದರಿಯದ್ದು. ಹವಾಮಾನದ ಮುನ್ಸೂಚನೆಯೂ ಅವನಿಗೆ ಪೂರ್ತಿ ಸಿಕ್ಕಿರಲಿಲ್ಲ ಎಂದು ತನಿಖೆ ಹೇಳಿತು.

ಈಗ ಹೆಸರಿನ ವಿಷಯ. ಡಾನ್ ಮೆಕ್ಲೀನ್ ಆಗ ಮನೆಮನೆಗೆ ಪತ್ರಿಕೆ ಹಾಕುತ್ತಿದ್ದ 13ರ ಹುಡುಗ. ಸುದ್ದಿ ತಿಳಿದಿದ್ದು ಆ ಪತ್ರಿಕೆಗಳಿಂದಲೇ. 1971ರಲ್ಲಿ ಅವನು 'ಅಮೆರಿಕನ್ ಪೈ' ಹಾಡಿದ. ಎಂಟೂವರೆ ನಿಮಿಷದ ಆ ಹಾಡಿನಲ್ಲಿ 'ಸಂಗೀತ ಸತ್ತ ದಿನ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಹಾಡು ಗೆದ್ದಿತು, ಹೆಸರು ಉಳಿಯಿತು. (ಇದೇ ತಾರೀಖಿಗೆ ಇನ್ನೊಂದು ಕರಾಳ ನೆನಪೂ ಇದೆ. ಹಾಲಿಯ ಕಟ್ಟಾ ಅಭಿಮಾನಿ, ಬ್ರಿಟಿಷ್ ಸಂಗೀತ ನಿರ್ಮಾಪಕ ಜೋ ಮೀಕ್ 1967ರ ಫೆಬ್ರವರಿ 3ರಂದು ತನ್ನ ಬಾಡಿಗೆ ಮನೆಯ ಒಡತಿಯನ್ನು ಕೊಂದು ತಾನೂ ಗುಂಡು ಹಾರಿಸಿಕೊಂಡ.)

ಸಂಗೀತ ನಿಜಕ್ಕೂ ಸತ್ತಿತಾ? ನನ್ನ ಪ್ರಕಾರ ಇಲ್ಲ. ತಾನೇ ಬರೆದು ತಾನೇ ಹಾಡುವ, ಗಿಟಾರ್ ಹಿಡಿದ ತಂಡ ಅನ್ನುವ ಮಾದರಿಯನ್ನು ಹಾಲಿ ಆಗಲೇ ಬಿತ್ತಿದ್ದ. ಬೀಟಲ್ಸ್ ತಮ್ಮ ಹೆಸರಿಗೆ ಹುಳುವನ್ನು ಹುಡುಕಿದ್ದೇ ಅವನ 'ಕ್ರಿಕೆಟ್ಸ್' ತಂಡ ನೋಡಿ (ಕ್ರಿಕೆಟ್, ಬೀಟಲ್ ಎರಡೂ ಇಂಗ್ಲಿಷ್‌ನಲ್ಲಿ ಹುಳುಗಳ ಹೆಸರು). ಅಷ್ಟೇ ಯಾಕೆ, ಅವತ್ತಿನ ಮೂರ್‌ಹೆಡ್ ಕಾರ್ಯಕ್ರಮ ಕೂಡ ನಿಲ್ಲಲಿಲ್ಲ. ಖಾಲಿ ಜಾಗ ತುಂಬಲು ಬಾಬಿ ವೀ ಎಂಬ 15ರ ಹುಡುಗ ವೇದಿಕೆ ಹತ್ತಿದ. ಕೆಲವು ತಿಂಗಳಾದ ಮೇಲೆ ಅವನ ತಂಡದಲ್ಲಿ ಸ್ವಲ್ಪ ದಿನ ಪಿಯಾನೋ ನುಡಿಸಿದವನು ಬಾಬ್ ಡಿಲನ್. ಅಪಘಾತಕ್ಕೆ ಮೂರೇ ದಿನ ಮೊದಲು ಡುಲುತ್‌ನಲ್ಲಿ ಹಾಲಿಯ ಕಾರ್ಯಕ್ರಮ ನೋಡಿ ಬಂದಿದ್ದ ಹುಡುಗ.